ಕಾರುದಾರಿಗೆ ಎರಡನೇ ಕೋಟಿಂಗ್

ಇದನ್ನು ಹಸಿರು ಅಂದರೆ ಹಸಿರಿಗೇ ಅವಮಾನ, ಬ್ರಷ್ಷಿನ ಎಳೆಗಳಿಗೆ ಮೆತ್ತಿಕೊಂಡು ಬರುತ್ತಿರುವುದು ಒಂದು ಬಗೆಯ ಲೋಳೆ, ಮೂಗಿನ ಹತ್ತಿರ ತಂದರೆ ಮರೆತು ಮುಚ್ಚಿಟ್ಟ ಊಟದ ಡಬ್ಬಿಯ ವಾಸನೆ, ಎರಡು ಕಲ್ಲುಗಳ ನಡುವಿನ ಕಿರುಬೆರಳಗಲದ ಸಂದಿಯಲ್ಲಿ ಸಂಸಾರ ಹೂಡಿಕೊಂಡು ಕೂತಿರುವ ಹಾವಸೆ, ಇವತ್ತು ತಿಕ್ಕಿ ತೆಗೆದರೆ ಎಂಟನೇ ದಿನಕ್ಕೆ ಮತ್ತೆ ಹಾಜರು, ಕರೆಯದೆ ಬರುವುದು, ಬಂದಮೇಲೆ ಹೋಗದಿರುವುದು, ಥೇಟ್ ಈ ಮನೆಯ ನೆಂಟರ ಹಾಗೆ — ಅವಳು ಮೊಣಕಾಲ ಕೆಳಗಿನ ಗೋಣಿಚೀಲವನ್ನು ಒಂದು ಕಲ್ಲಿನಷ್ಟು ಮುಂದಕ್ಕೆ ಎಳೆದುಕೊಂಡಳು, ಗೇಟಿನಿಂದ ಪೋರ್ಟಿಕೋವರೆಗೆ ಹದಿನಾಲ್ಕು ಹೆಜ್ಜೆ, ಕಾರು ಒಂದು ಬರಲಿ ಹೋಗಲಿ ಎಂದು ಹಾಕಿದ ಕಲ್ಲುದಾರಿ, ಅಷ್ಟಕ್ಕೇ ಮಹಡಿಯ ಮೇಲಿರುವ ಭಾವನ ಬಾಯಲ್ಲಿ ಡ್ರೈವ್‌ವೇ ಎಂಬ ದೊಡ್ಡ ಹೆಸರು, ಡ್ರೈವ್‌ವೇ ಮನೆಯ ಮುಖ ಕಣಮ್ಮಾ, ಬಂದವರು ಮೊದಲು ನೋಡೋದು ಅದನ್ನೇ, ಅನ್ನುತ್ತಾನೆ, ಬಂದವರು ಮೊದಲು ನೋಡುವುದು ಅವನ ಹೊಟ್ಟೆಯನ್ನು, ಅದು ಅವನಿಗೆ ಯಾರೂ ಹೇಳಿಲ್ಲ. ಬಿಸಿಲು ಈ ಕಡೆಗೆ ಬರುವುದೇ ಇಲ್ಲ, ವರ್ಷದಲ್ಲಿ ಎಂಟು ತಿಂಗಳು ಮೋಡ, ಉಳಿದ ನಾಲ್ಕು ತಿಂಗಳು ಮೋಡ ಬರುತ್ತದೇನೋ ಎಂಬ ಅನುಮಾನ, ಮಹಡಿಯ ನೀರಿನ ಪೈಪು ಸರಿಯಾಗಿ ಐದನೇ ಸಾಲಿನ ಮೇಲೆ ಬಂದು ಬಾಯಿ ಬಿಟ್ಟಿದೆ, ಪೈಪನ್ನು ಒಂದು ಮೊಳ ಆಚೆಗೆ ತಿರುಗಿಸಿದರೆ ಅರ್ಧ ಕೆಲಸ ಮುಗಿಯುತ್ತದೆ, ಅದನ್ನು ಮಾಡುವುದು ಬಿಟ್ಟು ಎಲ್ಲರೂ ಉಪದೇಶ ಮಾಡುತ್ತಾರೆ. ಎದುರು ಮನೆಯಾಕೆಗೆ ಎಲ್ಲ ರೋಗಕ್ಕೂ ವಿನಿಗರ್ರೇ ಮದ್ದು, ವಿನಿಗರ್ ಸುರೀರಿ, ನಾನಂತೂ ಅಷ್ಟೇ ಮಾಡೋದು, ಸುರಿದ ಮೇಲೆ ಅವಳ ಕಲ್ಲುಗಳು ಸಿಡುಬು ಬಂದ ಕೆನ್ನೆಯ ಹಾಗೆ ಆಗಿವೆ, ಸಿಮೆಂಟನ್ನು ಹುಳಿ ತಿನ್ನುತ್ತದೆ ಎಂದು ಹೇಳಬಹುದಿತ್ತು, ಹೇಳಲಿಲ್ಲ, ರಸಾಯನಶಾಸ್ತ್ರದ ಎಂ.ಎಸ್ಸಿ. ಮಾಡಿದವಳನ್ನು ಈ ಬೀದಿಯಲ್ಲಿ ಯಾರು ಏನು ಕೇಳಿದ್ದಾರೆ, ಬಕೆಟ್ಟಿಗೆ ಎಷ್ಟು ಬ್ಲೀಚಿಂಗ್ ಪುಡಿ, ಎಷ್ಟು ಹೊತ್ತು ನೆನೆಯಬೇಕು, ಪಂಪು ಹಿಡಿದು ರಭಸವಾಗಿ ನೀರು ಹೊಡೆದರೆ ಸಂದಿಯ ಮರಳೆಲ್ಲ ಎದ್ದುಹೋಗಿ ಹಾವಸೆಗೆ ಇನ್ನೂ ಒಳ್ಳೆ ಮನೆಯಾಗುತ್ತದೆ, ಎಲ್ಲ ಗೊತ್ತು, ಗೊತ್ತಿರುವವಳು ಮೊಣಕಾಲೂರಿ ತಿಕ್ಕುತ್ತಿದ್ದಾಳೆ, ಗೊತ್ತಿಲ್ಲದವರು ಕುರ್ಚಿಯಲ್ಲಿ ಕೂತು ನೋಡುತ್ತಿದ್ದಾರೆ. ಆ ಮೂಲೆ ಬಿಟ್ಟೆ ನೋಡು, ಪೋರ್ಟಿಕೋದಿಂದ ಅತ್ತೆ. ಕಣ್ಣು ಮಂಜು, ಮೂರು ಅಡಿ ಆಚೆಗೆ ಮನುಷ್ಯರ ಗುರುತು ಸಿಗುವುದಿಲ್ಲ, ಸೊಸೆ ಬಿಟ್ಟ ಮೂಲೆ ಮಾತ್ರ ಹದಿನಾಲ್ಕು ಹೆಜ್ಜೆಯಿಂದ ಕಾಣುತ್ತದೆ. ನೋಡಿದೆ ಅತ್ತೆ, ಅಲ್ಲಿಗೇ ಬರ್ತಿದೀನಿ. ಬೇಗ ಬೇಗ ಮಾಡೇ, ಅವನು ಹತ್ತಕ್ಕೆ ಇಳಿದು ಬರ್ತಾನೆ, ಬಳಿಯೋ ಹೊತ್ತಿಗೆ ಒಣಗಿರಬೇಕಂತೆ. ಒಣಗಿರಬೇಕಂತೆ! ಈ ಊರಿನಲ್ಲಿ, ಈ ಗಾಳಿಯಲ್ಲಿ, ಒಣಹಾಕಿದ ಕರವಸ್ತ್ರಕ್ಕೆ ಮೂರು ದಿನ ಬೇಕು.

ಭಾನುವಾರ ಭಾವನ ಬೀಗರು, ಮಗಳ ಅತ್ತೆಮನೆಯವರು ಬರುತ್ತಾರೆ, ಅವರ ಕಾರಿನ ಚಕ್ರಕ್ಕೆ ಕನ್ನಡಿಯಂಥ ನೆಲ ಬೇಕು, ಅದಕ್ಕೆ ಇವತ್ತು ಕಲ್ಲಿಗೆ ಹೊಳಪಿನ ಕೋಟಿಂಗ್, ಎರಡನೇ ಸಲ. ಮೊದಲನೇ ಸಲ ಬಳಿದದ್ದು ಮಳೆಯಲ್ಲಿ ಬೆಳ್ಳಗೆ ಪೊರೆ ಎದ್ದುಹೋಯಿತು, ಉಳಿದದ್ದನ್ನು ಅವಳೇ ಹನ್ನೊಂದು ತಿಂಗಳು ಅಂಗೈ ಅಗಲ ಅಂಗೈ ಅಗಲವಾಗಿ ಕೆರೆದು ತೆಗೆದಿದ್ದಾಳೆ, ಯಾರೂ ಕೆರೆಯಲು ಹೇಳಿರಲಿಲ್ಲ, ಪಾಪ, ಗಂಡ ಬಿದ್ದ ಜಾಗ, ಹಾಗಾದ್ರೂ ಸಮಾಧಾನ ಆಗ್ಲಿ ಬಿಡಿ, ಎಂದು ಎದುರು ಮನೆಯಾಕೆ ಗೇಟಿನಾಚೆ ನಿಂತು ಪಿಸುಗುಟ್ಟಿದ್ದು ಕೇಳಿಸಿತ್ತು, ಈ ಜನಕ್ಕೆ ಪಿಸುಗುಟ್ಟುವುದಕ್ಕೂ ಬರುವುದಿಲ್ಲ. ಅವತ್ತು ಒಂಚೂರು ಹೀಗೆ ತಿಕ್ಕಿದ್ದಿದ್ರೆ, ಅತ್ತೆ ದಿನಕ್ಕೊಮ್ಮೆ ಅನ್ನುತ್ತಾಳೆ, ಬೈಗುಳದ ದನಿಯಲ್ಲ, ಹಲ್ಲುನೋವು ಇನ್ನೂ ಇದೆಯೇ ಎಂದು ನಾಲಗೆ ಮುಟ್ಟಿ ನೋಡುವಂಥ ದನಿ, ಅವತ್ತು ಹೀಗೆ ತಿಕ್ಕಿದ್ದಿದ್ರೆ ನನ್ನ ಮಗ ಇರ್ತಿದ್ದ, ಪುಸ್ತಕ ಹಿಡಿದು ಕೂತಿದ್ಯಲ್ಲೇ, ಅವಳು ತಲೆಯಾಡಿಸುತ್ತಾಳೆ, ಹೌದು ಅತ್ತೆ, ತಪ್ಪಾಯ್ತು. ಸೋಮಾರಿ ಸೊಸೆ, ಪಾಚಿ ತಿಕ್ಕದ ಸೊಸೆ, ಅಷ್ಟೇ ತಾನೆ, ಹೊತ್ತುಕೊಳ್ಳಬಹುದಾದ ಹೆಸರು. ಪಾಚಿಯಂತೆ ಪಾಚಿ! ಅವತ್ತು ಒಂದು ಎಳೆ ಪಾಚಿ ಇರಲಿಲ್ಲ, ಕೋಟಿಂಗ್ ಬಳಿದು ಮೂರು ವಾರ, ತುಂತುರು ಹನಿ, ನೆಲ ಎಣ್ಣೆ ಹಚ್ಚಿದ ಬಾಣಲೆಯ ಹಾಗೆ ಮಿನುಗುತ್ತಿತ್ತು, ಭಾವ ಕಾರಿನೊಳಗೆ ಕೂತು ಹಾರನ್ ಒತ್ತಿದ, ಗೇಟ್ ತೆಗಿಯೋ, ಲೇಟಾಯ್ತು, ತಮ್ಮ ಇರುವುದೇ ಗೇಟು ತೆಗೆಯುವುದಕ್ಕೆ, ತಮ್ಮನೂ ಹಾಗೇ ತಿಳಿದುಕೊಂಡಿದ್ದ, ಬಂದೆ ಅಣ್ಣಾ ಎಂದು ಕೈಯಲ್ಲಿದ್ದ ಲೋಟ ಕಿಟಕಿಯಲ್ಲಿಟ್ಟು ಓಡಿದ, ಓಡುವ ಅಗತ್ಯವೇನಿತ್ತು, ಗೇಟು ಓಡಾಡುವ ಕಬ್ಬಿಣದ ಪಟ್ಟಿ, ತಲೆಯ ಹಿಂಭಾಗ, ಮೂರು ದಿನ ಆಸ್ಪತ್ರೆ, ಆಮೇಲೆ ಇಲ್ಲ. ಒಳ್ಳೆಯವನು ಎಂದು ಎಲ್ಲರೂ ಹೇಳುತ್ತಾರೆ, ಹೌದು, ಕೆರಳಿಸುವಷ್ಟು ಒಳ್ಳೆಯವನು, ಲೈಬ್ರರಿಯ ಕೆಲಸದಲ್ಲಿದ್ದೂ ಪುಸ್ತಕ ಹರಿದವರಿಗೆ ಗದರದವನು, ಅಣ್ಣನನ್ನು ಅವನೂ ಗೇಲಿ ಮಾಡುತ್ತಿದ್ದ, ಬಾಗಿಲು ಹಾಕಿಕೊಂಡು ಇಬ್ಬರೂ ದಿಂಬಿಗೆ ಬಾಯಿಟ್ಟು ನಗುತ್ತಿದ್ದರು, ಭಾವನ ನಡಿಗೆ, ಭಾವನ ಕೆಮ್ಮು, ಕನ್ನಡಕದ ಅಂಗಡಿ ಇಟ್ಟುಕೊಂಡು ಊರಿಗೆಲ್ಲ ಕಣ್ಣು ಕೊಡುವ ಭಾವ ತನ್ನ ಕನ್ನಡಕವನ್ನು ಹಣೆಯ ಮೇಲೆ ಏರಿಸಿಕೊಂಡು ಮನೆಯೆಲ್ಲ ಹುಡುಕುವುದು, ಬೇರೆ ದಂಪತಿಗಳು ಏನು ಮಾಡುತ್ತಾರೋ, ಇವರ ಸಂಸಾರ ನಿಂತದ್ದು ಆ ನಗೆಯ ಮೇಲೆ, ಆದರೆ ಅವನದೊಂದು ಕೆಟ್ಟ ಚಾಳಿ, ನಕ್ಕು ಮುಗಿದ ಮೇಲೆ ಅಯ್ಯೋ ಪಾಪ ಅನ್ನುತ್ತಿದ್ದ, ಮರುದಿನ ಮಹಡಿ ಹತ್ತಿ ಅಣ್ಣಾ ಹಾಗಲ್ಲ ಹೀಗೆ ಎಂದು ತಿದ್ದಿ ಬರುತ್ತಿದ್ದ, ಮಜವನ್ನೆಲ್ಲ ಹಾಳು ಮಾಡುತ್ತಿದ್ದ.

ಮೆಟ್ಟಿಲ ಮೇಲೆ ಚಪ್ಪಲಿಯ ಸದ್ದು, ಮೊದಲು ಹೊಟ್ಟೆ, ಆಮೇಲೆ ಟಿನ್, ಆಮೇಲೆ ಭಾವ. ಆಯ್ತೇನಮ್ಮಾ? ಆಯ್ತು ಭಾವ, ಪೈಪಿನ ಹತ್ರ ಇನ್ನೂ ಒದ್ದೆ ಇದೆ. ಅಷ್ಟೆಲ್ಲ ನೋಡ್ತಾ ಕೂತ್ರೆ ಆಗಲ್ಲ, ಇದು ಬಳಿದ ಮೇಲೆ ನೀನಿನ್ನು ತಿಕ್ಕೋದೇ ಬೇಡ, ಆರಾಮಾಗಿರು, ಇನ್ನೆಷ್ಟು ದಿನ ಅಂತ ಹೀಗೆ ಮಂಡಿ ಸವೆಸ್ತೀಯ, ಎಂದ, ನಿಜವಾಗಿ ಕನಿಕರದಿಂದ ಎಂದ, ಅದೇ ಸಹಿಸಲಾಗದ್ದು, ಆಸ್ಪತ್ರೆಯಿಂದ ಬಂದ ದಿನವೂ ಇದೇ ದನಿ, ನೀನು ಎಲ್ಲೂ ಹೋಗ್ಬೇಡ, ಈ ಮನೆ ನಿಂದೂ ಹೌದು. ಅವಳು ಎದ್ದು ನಿಲ್ಲುತ್ತಾಳೆ, ಮೊಣಕಾಲಲ್ಲಿ ಗೋಣಿಯ ಅಚ್ಚು. ನೋಡ್ತಿರಿ ಅಮ್ಮಾ, ಭಾವ ತಾಯಿಯ ಕಡೆ ತಿರುಗಿದ, ಭಾನುವಾರ ನಿಮ್ಮ ಮುಖ ಕಾಣತ್ತೆ ಇದರಲ್ಲಿ. ನನ್ನ ಮುಖ ನೋಡಿ ನಾನೇನೋ ಮಾಡ್ಲಿ, ಬೀಗರು ಓಡಿಹೋಗದಿದ್ರೆ ಸಾಕು, ಎಂದಳು ಅತ್ತೆ, ತಾಯಿ ಮಗ ಇಬ್ಬರೂ ನಕ್ಕರು, ಈ ನಗೆಗೆ ದಿಂಬು ಬೇಕಾಗಿಲ್ಲ. ಭಾವ ಸ್ಕ್ರೂಡ್ರೈವರ್ ತೂರಿಸಿ ಮುಚ್ಚಳ ಎಬ್ಬಿಸಿದ, ಘಾಟು ವಾಸನೆ, ಮುಚ್ಚಳದ ಒಳಗಡೆ ಟೇಪು ಹಚ್ಚಿ ಅಂಟಿಸಿದ ಅಂಗೈಯಗಲದ ಬಿಳಿ ಪೊಟ್ಟಣ, ಅದನ್ನು ಕಿತ್ತು ಗೋಡೆಯ ಕಡೆಗೆ ಎಸೆದ, ನೋಡದೆ, ಬಾಳೆಹಣ್ಣಿನ ಸಿಪ್ಪೆ ಎಸೆದ ಹಾಗೆ, ಅದು ಅವಳ ಕಾಲಿನ ಹತ್ತಿರ ಅಂಗಾತ ಬಿತ್ತು. ಪೊಟ್ಟಣದ ಮೇಲೆ ಕೆಂಪು ಮನುಷ್ಯ. ಗೆರೆಗಳಲ್ಲಿ ಬರೆದದ್ದು, ಒಂದು ಕಾಲು ಮೇಲೆ, ಎರಡು ಕೈ ಗಾಳಿಯಲ್ಲಿ — ತೇವ ಹೀರೋಕೆ ಇಡೋ ಪುಡಿ ಅದು, ಅಂದಿದ್ದ ಭಾವ ಹೋದ ಸಲ, ನಮ್ಮ ಕನ್ನಡಕದ ಡಬ್ಬಿಯಲ್ಲೂ ಬರತ್ತಲ್ಲ, ಅದೇ, ಟಿನ್ ದೊಡ್ಡದು, ಅದಕ್ಕೆ ಪೊಟ್ಟಣಾನೂ ದೊಡ್ಡದು. ಮೂವತ್ತು ವರ್ಷ ಕನ್ನಡಕದ ಡಬ್ಬಿಗಳಿಂದ ಪೊಟ್ಟಣ ಕಿತ್ತು ಎಸೆದ ಕೈ, ಅದಕ್ಕೆ ಓದುವ ಅಭ್ಯಾಸವೇ ಇಲ್ಲ. ಓದಿದ್ದು ಅವಳು. ಹೋದ ಸಲ ಭಾವ ಬಳಿದು ಮಹಡಿಗೆ ಹೋದ ಮೇಲೆ ಎತ್ತಿಕೊಂಡು ಓದಿದ್ದಳು, ಸಣ್ಣ ಅಕ್ಷರ, ಈ ಹರಳುಪುಡಿಯನ್ನು ಪೂರ್ತಿಯಾಗಿ ಬೆರೆಸಿ ಬಳಿಯಿರಿ, ಬೆರೆಸದಿದ್ದರೆ ಮೇಲ್ಮೈ ಒದ್ದೆಯಾದಾಗ ಜಾರುತ್ತದೆ, ಕೆಳಗೆ ಕೆಂಪು ಮನುಷ್ಯ, ಹೊಟ್ಟೆ ಸ್ವಲ್ಪ ಮುಂದೆ, ಥೇಟ್ ಭಾವ. ಅವಳಿಗೆ ನಗು ತಡೆಯಲಾಗಲಿಲ್ಲ. ಬಳಿದದ್ದು ಇನ್ನೂ ಒಣಗಿರಲಿಲ್ಲ, ಕೂಗಿ ಹೇಳಿದ್ದರೆ ಆಗುತ್ತಿತ್ತು, ಮೇಲೆ ಉದುರಿಸಿ ಇನ್ನೊಮ್ಮೆ ಕೈಯಾಡಿಸಿದರೆ ಮುಗಿಯುತ್ತಿತ್ತು, ಹೇಳಲಿಲ್ಲ, ಸಂಜೆ ಗಂಡ ಬಂದಾಗಲೂ ಹೇಳಲಿಲ್ಲ, ಹೇಳಿದರೆ ನಗುತ್ತಾನೆ, ನಕ್ಕು ಅಯ್ಯೋ ಪಾಪ ಅನ್ನುತ್ತಾನೆ, ಓಡಿಹೋಗಿ ಅಣ್ಣನಿಗೆ ಹೇಳುತ್ತಾನೆ, ಬೇಡ, ಮೊದಲ ಮಳೆ ಬರಲಿ, ಭಾವ ಸೂಟು ಬೂಟು ಹಾಕಿಕೊಂಡು ಹೊರಡಲಿ, ಬೀದಿಯವರೆಲ್ಲ ನೋಡುವಾಗ ಕಾಲು ಮೇಲೆ ಮಾಡಿ ಧೊಪ್ಪನೆ ಕೂರಲಿ, ಆ ರಾತ್ರಿ ಪೊಟ್ಟಣ ತೆಗೆದು ಗಂಡನ ಮುಂದಿಡುತ್ತೇನೆ, ಇಬ್ಬರೂ ದಿಂಬು ಕಚ್ಚಿಕೊಂಡು ನಗೋಣ, ಎಂದು ಅವಳು ಅದನ್ನು ಕಪಾಟಿನಲ್ಲಿ ತನ್ನ ಸೀರೆಗಳ ಕೆಳಗೆ ಇಟ್ಟಳು, ಸಿಹಿತಿಂಡಿ ಬಚ್ಚಿಟ್ಟ ಹಾಗೆ. ಎರಡು ಸಲ ಮಳೆ ಬಂತು, ಎರಡೂ ಸಲ ಭಾವ ಪೋರ್ಟಿಕೋದಲ್ಲೇ ಕಾರು ಹತ್ತಿದ. ಮೂರನೇ ಸಲ—

ರೋಲರ್ ಎಲ್ಲಿಟ್ಟೆನಮ್ಮಾ, ಭಾವ ಕೇಳುತ್ತಿದ್ದಾನೆ, ಅದು ಅವನ ಕಂಕುಳಲ್ಲೇ ಇದೆ. ಪೋರ್ಟಿಕೋದಲ್ಲಿ ಅತ್ತೆಯ ರಬ್ಬರ್ ಚಪ್ಪಲಿ, ಸವೆದು ತಳ ನುಣ್ಣಗಾಗಿದೆ, ಬೆಳಗಾದರೆ ಅದನ್ನೇ ಮೆಟ್ಟಿಕೊಂಡು ಪೇಪರಿಗೆಂದು ಗೇಟಿನವರೆಗೆ ಹೋಗುತ್ತಾಳೆ, ಹದಿನಾಲ್ಕು ಹೆಜ್ಜೆ ಅವಳ ಕಾಲಿಗೆ ಮೂವತ್ತು, ಹೋಗಲಿ, ಹೋಗಿ ಬೀಳಲಿ, ಆಗ ಯಾರು ತಿಕ್ಕಿರಲಿಲ್ಲ ಅನ್ನುತ್ತಾಳೆ ನೋಡೋಣ — ಯೋಚನೆ ಬಂದೇಬಿಟ್ಟಿತು, ಬಂದದ್ದು ಆಶ್ಚರ್ಯವನ್ನೂ ಮಾಡಲಿಲ್ಲ, ಅವಳೊಳಗೆ ಬಹಳ ಕಾಲದಿಂದ ಎಲ್ಲವೂ ಹೀಗೇ ಬರುತ್ತದೆ, ಯಾರಾದರೂ ಬೀಳುವುದನ್ನು ಕಾಯುತ್ತ. ಸುಮ್ಮನಿದ್ದರೆ ಸೋಮಾರಿ ಸೊಸೆಯಾಗಿಯೇ ಉಳಿಯಬಹುದು. ಬಾಯಿ ಬಿಟ್ಟರೆ ಪಾಚಿ ಹೋಗುತ್ತದೆ, ಪಾಚಿ ಹೋದರೆ ಅದರ ಕೆಳಗಿನದು ಕಾಣುತ್ತದೆ, ಭಾವನದೂ ಕಾಣುತ್ತದೆ, ತನ್ನದೂ. ಭಾವ ರೋಲರನ್ನು ಟಿನ್ನಿನೊಳಗೆ ಅದ್ದಿದ. ಭಾವ, ಅದು ತೇವ ಹೀರೋಕೆ ಇಡೋ ಪುಡಿ ಅಲ್ಲ. ಯಾವುದು? ಈ ಪೊಟ್ಟಣ, ಇದನ್ನ ಅದರಲ್ಲಿ ಬೆರೆಸಬೇಕು, ಇಲ್ದಿದ್ರೆ ಜಾರತ್ತೆ. ಅಯ್ಯೋ, ಅದೆಲ್ಲ ಏನಿಲ್ಲ, ಪುಡಿಗಿಡಿ ಹಾಕಿದ್ರೆ ಹೊಳಪು ಎಲ್ಲಿ ಬರತ್ತೆ. ಓದಿ ನೋಡಿ. ಅವಳು ಬಗ್ಗಿ ಎತ್ತಿ ಕೊಟ್ಟಳು, ಭಾವ ಎಡಗೈಯಲ್ಲಿ ಹಿಡಿದ, ಹಣೆಯ ಮೇಲಿನ ಕನ್ನಡಕ ಮೂಗಿಗೆ ಇಳಿಯಿತು, ತುಟಿ ಅಲುಗುತ್ತಿದೆ, ಮಕ್ಕಳು ಓದುವ ಹಾಗೆ ಒಂದೊಂದೇ ಪದ, ಅವಳು ನಗಬೇಕೆಂದು ಕಾದಳು, ನಗು ಬರಲಿಲ್ಲ, ಭಾವನ ತುಟಿ ನಿಂತಿತು, ಮತ್ತೆ ಮೊದಲಿನಿಂದ ಓದಿದ, ರೋಲರಿನಿಂದ ದಪ್ಪ ಹನಿಯೊಂದು ಅವನ ಪಾದದ ಮೇಲೆ ಬಿತ್ತು, ಅವನಿಗೆ ಗೊತ್ತಾಗಲಿಲ್ಲ. ಹೋದ ಸಲಾನೂ ಇತ್ತಲ್ಲ ಇದು, ಅಂದ. ಯಾರಿಗೂ ಹೇಳಿದ್ದಲ್ಲ. ಹೋದ ಸಲಾನೂ ಇತ್ತು, ನಾನೇ ಕಿತ್ತು ಹಾಕಿದ್ದು, ನಾನೇ. ಏನಂತೋ ಅದು, ಏನಂತೆ, ಅತ್ತೆ ಕುರ್ಚಿಯಿಂದ ಕತ್ತು ಚಾಚಿದಳು, ಅವನು ತಾಯಿಯ ಕಡೆ ನೋಡಲಿಲ್ಲ, ಅವಳ ಕಡೆ ನೋಡಿದ, ಕನ್ನಡಕದ ಹಿಂದೆ ಕಣ್ಣು ಇಷ್ಟು ದೊಡ್ಡವು ಎಂದು ಅವಳಿಗೆ ಗೊತ್ತೇ ಇರಲಿಲ್ಲ, ನೀನು ಈಗ ಓದಿದ್ಯಾ ಇದನ್ನ? ಈಗ ಬಿದ್ದಾಗ ನೋಡಿದ್ಯಾ? ಹೂಂ ಅಂದರೆ ಸಾಕು. ಅವನೇ ಮಾತನ್ನು ಬಾಯಿಗೆ ಇಟ್ಟಿದ್ದಾನೆ, ಬರೀ ಒಂದು ಹೂಂ, ಆಮೇಲೆ ಇಡೀ ಭಾರ ಅವನದು, ಅವನು ಹೊರುತ್ತಾನೆ, ಪ್ರಶ್ನೆ ಕೇಳದೆ ಹೊರುತ್ತಾನೆ, ಅಂಥವನೇ ಅವನು, ಅವನ ತಮ್ಮನೂ ಅಂಥವನೇ. ಇಲ್ಲ ಭಾವ, ಎಂದಳು, ಅವತ್ತೇ ಓದಿದ್ದೆ. ನೀವು ಬಳಿದ ದಿನ. ಓದಿ, ಎತ್ತಿಟ್ಟೆ. ಯಾಕೆ ಎಂದು ಭಾವ ಕೇಳಲಿಲ್ಲ, ಕೇಳಿದ್ದರೆ ಉತ್ತರ ಇತ್ತು, ನೀವು ಬೀಳಲಿ ಎಂದು, ನೋಡಿ ನಗೋಣ ಎಂದು, ಏನಾಯ್ತೋ, ಯಾರಾದ್ರೂ ನನಗೂ ಹೇಳ್ರೋ, ಅತ್ತೆ ಕುರ್ಚಿಯ ಕೈ ಹಿಡಿದು ಏಳುತ್ತಿದ್ದಾಳೆ, ಪೊಟ್ಟಣ ಭಾವನ ಎಡಗೈಯಲ್ಲೇ ಇದೆ, ಅದರ ಮೇಲೆ ಕೆಂಪು ಮನುಷ್ಯ, ಅವನಿಗೆ ಹೊಟ್ಟೆಯೇ ಇಲ್ಲ, ಅವತ್ತು ಎಲ್ಲಿ ಕಂಡಿತ್ತು ಹೊಟ್ಟೆ, ತೆಳ್ಳಗಿನವನು, ಬಂದೆ ಅಣ್ಣಾ ಎಂದು ಓಡಿ ಬರುತ್ತಿದ್ದವನು, ಒಂದು ಕಾಲು ಮೇಲೆ, ಎರಡು ಕೈ ಗಾಳಿಯಲ್ಲಿ, ಇನ್ನೂ ಬಿದ್ದಿಲ್ಲ, ಕೆಂಪು ಮನುಷ್ಯ, ಒಂದು ಕಾಲು ಮೇಲೆ, ಇನ್ನೂ ಬಿದ್ದಿಲ್ಲ, ಇನ್ನೂ