ಹೋಲಿಕೆಗೆ ಇಟ್ಟ ಊರು

ಯೋಜನೆ ಫಲ ಕೊಟ್ಟಿದೆಯೋ ಇಲ್ಲವೋ ಎಂದು ಅಳೆಯುವುದು ಅವಳ ಕೆಲಸ. ಕಚೇರಿಯಲ್ಲಿ ಅವಳಿಗೆ ‘ತಕ್ಕಡಿ ಮೇಡಂ’ ಅಂತಲೇ ಹೆಸರು. ಹಳ್ಳದ ಈಚೆ ಊರಿಗೆ ಮೂರು ವರ್ಷದಿಂದ ಹೊಸ ಅಲಸಂದೆ ಬೀಜ ಕೊಡುತ್ತಿದ್ದರು. ಆಚೆ ಊರಿಗೆ ಬೇಕೆಂದೇ ಕೊಟ್ಟಿರಲಿಲ್ಲ, ಎರಡನ್ನೂ ಹೋಲಿಸಿ ನೋಡಬೇಕಲ್ಲ. ಸುಗ್ಗಿಯಲ್ಲಿ ಅವಳು ಎರಡೂ ಕಡೆ ಹೊಲದಲ್ಲಿ ಚೌಕವಾಗಿ ಹಗ್ಗ ಕಟ್ಟಿ, ಒಳಗಿನ ಬೆಳೆ ಕೊಯ್ಯಿಸಿ ತೂಗಿದಳು. ಫಸಲು ಹೆಚ್ಚುಕಡಿಮೆ ಒಂದೇ!

“ಕೊಟ್ರೂ ಅಷ್ಟೇ, ಕೊಡದಿದ್ರೂ ಅಷ್ಟೇ ಅಂತಾಯ್ತು,” ಅಂದರು ನಿರ್ದೇಶಕರು, ಕನ್ನಡಕ ತೆಗೆದು ಕಣ್ಣುಜ್ಜಿಕೊಳ್ಳುತ್ತಾ. “ಹೀಗೇ ಬರೆದ್ರೆ ಹಣ ಕೊಡೋರು ಯೋಜನೆಗೆ ಎಳ್ಳುನೀರು ಬಿಡ್ತಾರೆ.”

ಅವಳಿಗೆ ಯಾಕೋ ಸಮಾಧಾನವಾಗಲಿಲ್ಲ. ಮತ್ತೆ ಬಸ್ಸು ಹತ್ತಿ ಆಚೆ ಊರಿಗೆ ಹೋದಳು. ಮೊದಲ ಮನೆಯ ಯಜಮಾನಿ ಅಂಗಳದಲ್ಲಿ ಕಾಳು ಹಸನು ಮಾಡುತ್ತಿದ್ದಳು.

“ಇದು ಯಾವ ಬೀಜ ಅಕ್ಕಾ?”

“ಹಳೇದೇ. ನಮ್ಮತ್ತೆ ಕಾಲದ್ದು.” ಯಜಮಾನಿ ತಲೆ ಎತ್ತಲಿಲ್ಲ.

“ನಿಮ್ಮನ್ನ ಹಿಡಿಯೋಕೆ ಬಂದಿಲ್ಲ. ಹೊಸ ಬೀಜದಿಂದ ಲಾಭ ಇಲ್ಲ ಅಂತಾದ್ರೆ ಈಗ ಪಡೀತಿರೋ ಊರಿಗೆ ಕೊಡೋದನ್ನೂ ನಿಲ್ಲಿಸಿಬಿಡ್ತಾರೆ, ಅದಕ್ಕೆ ಕೇಳಿದೆ.”

ಯಜಮಾನಿಯ ಕೈ ನಿಂತಿತು. “ನಿಲ್ಲಿಸ್ತಾರಾ? ಅದು ನನ್ನ ತವರು ಕಣ್ರೀ! ಹೊರಗಿನೋರಿಗೆ ಕೊಟ್ರೆ ನಿನಗೂ ಇಲ್ಲ ಅಂತ ನಿಮ್ಮೋರು ನಮ್ಮಣ್ಣನ್ನ ಹೆದರಿಸಿದ್ರು. ಅವನು ಜಪ್ಪಯ್ಯ ಅಂದ್ರೂ ಕೊಡ್ಲಿಲ್ಲ. ಅತ್ತಿಗೆನೇ ಮಗು ಬಟ್ಟೆ ಚೀಲದೊಳಗೆ ಬೀಜ ತುರುಕಿ ಕಳಿಸಿದ್ಲು. ಮರುವರ್ಷ ನಮ್ಮ ಬೆಳೆ ನೋಡಿ ನನ್ನ ಓರಗಿತ್ತಿ ಕೇಳಿದ್ಲು, ಪಕ್ಕದ ಮನೆಯೋಳು ಕೇಳಿದ್ಲು. ಇಲ್ಲ ಅನ್ನೋಕಾಗುತ್ತಾ?”

ತಕ್ಕಡಿ ಮೇಡಂಗೆ ನಗು ತಡೆಯಲಾಗಲಿಲ್ಲ. ಅಷ್ಟು ದಿನದ ಲೆಕ್ಕವೆಲ್ಲ ನೀರುಪಾಲಾಯಿತಲ್ಲ ಎಂದು ಬೇಸರವೂ ಆಯಿತು. ಮನೆಮನೆ ಸುತ್ತಿ ಕೇಳಿದಳು. ಬಹುಪಾಲು ಜನ ಮೊದಲು ತಡವರಿಸಿ, ಆಮೇಲೆ ಒಪ್ಪಿಕೊಂಡರು.

ವರದಿಯಲ್ಲಿ ಇದ್ದದ್ದನ್ನು ಇದ್ದ ಹಾಗೇ ಬರೆದಳು: ಕೆಟ್ಟಿರುವುದು ನಮ್ಮ ಹೋಲಿಕೆ, ಬೀಜವಲ್ಲ, ಬೀಜ ನಾವು ತಡೆದರೂ ಹರಡಿದೆ. ನಿರ್ದೇಶಕರು ಗೊಣಗುತ್ತಲೇ ರುಜು ಹಾಕಿದರು. ಹಣ ಕೊಡುವವರು ಅರ್ಧ ನಂಬಿದರು. ಇನ್ನೊಂದು ವರ್ಷ ಮುಂದುವರಿಸಿ, ಆದರೆ ಹೋಲಿಕೆಗೆ ಬೇರೆ ಊರು ಹುಡುಕಿ ಎಂದರು. ಅವಳು ಹಟ ಹಿಡಿದದ್ದರಿಂದ, ಈ ಎರಡೂರಲ್ಲಿ ಬೀಜ ಹಂಚಬಾರದೆಂಬ ನಿಯಮವನ್ನು ಕೈಬಿಟ್ಟರು.

ಹೊಸ ಊರು ಹುಡುಕುವಾಗ ಅವಳು ಮಣ್ಣು, ಮಳೆ ಕೇಳುವ ಮೊದಲೇ ಕೇಳಿದ್ದು, “ಇಲ್ಲಿಗೆ ಸೊಸೆಯಂದಿರು ಯಾವ ಯಾವ ಊರಿಂದ ಬಂದಿದಾರೆ?”