ಪಟ್ಟಿ ಅಂಟಿಸಿದ ಸ್ಲೈಡು

ದತ್ತಾತ್ರೇಯ ಸರ್ ಮೇಲಿನ ಸಿಟ್ಟನ್ನು ನಾನು ಸಣ್ಣ ಉರಿಯಲ್ಲಿಟ್ಟು ಕಾಯಿಸಿದವಳು, ಉಕ್ಕಿಸಿ ಚೆಲ್ಲಿಕೊಂಡವಳಲ್ಲ. ಕ್ಷಮಿಸಿಬಿಡು ಎಂದು ಬುದ್ಧಿ ಹೇಳಲು ಬಂದವರಿಗೆಲ್ಲ ಚಹಾ ಕುಡಿಸಿ ಕಳಿಸಿದ್ದೇನೆ.

ಅವರೇನು ನಮಗೆ ಹೊರಗಿನವರಲ್ಲ. ನನ್ನ ಅಪ್ಪ ಶ್ರೀನಿವಾಸ ಧಾರವಾಡ ಬಿಟ್ಟು ಹೈದರಾಬಾದಿಗೆ ಕೇಂದ್ರ ಸರಕಾರದ ಕಾರ್ಖಾನೆಯ ನೌಕರಿಗೆ ಬಂದಾಗಿನಿಂದಲೂ ಗೆಳೆಯರು. ಹಬ್ಬದೂಟ ನಮ್ಮ ಮನೆಯಲ್ಲೇ. ಅವ್ವನನ್ನು ಸ್ವಂತ ಅತ್ತಿಗೆಯಂತೆ 'ವೈನಿ' ಎಂದು ಕರೆಯುತ್ತಿದ್ದರು. ಹೊಸ ಔಷಧಗಳನ್ನು ಇಲಿಗಳ ಮೇಲೆ ಪರೀಕ್ಷಿಸುವ ಒಂದು ಪ್ರಯೋಗಾಲಯಕ್ಕೆ ಅವರು ಮುಖ್ಯಸ್ಥರು. ನನ್ನನ್ನು ಪಿಎಚ್‌.ಡಿ.ಗೆಂದು ಅವರ ಕೈಗೆ ಒಪ್ಪಿಸಿದ್ದು ಅಪ್ಪನೇ.

ನಮ್ಮ ಪ್ರಾಣಿಕೋಣೆಯಲ್ಲಿ ಒಂದು ಗೋಡೆಗೆ ಸಣ್ಣಿಲಿಗಳ ಪಂಜರ, ಎದುರು ಗೋಡೆಗೆ ದೊಡ್ಡಿಲಿಗಳದು. ಎರಡೂ ಬೇರೆ ಬೇರೆ ಜಾತಿ. ಆ ಮಳೆಗಾಲ ಜಿರಳೆ ವಿಪರೀತವಾದವು, ಮೇಲಿಂದ ತಪಾಸಣೆಯವರು ಬರುವವರಿದ್ದರು. ಪ್ರಯೋಗ ನಡೆಯುವ ಕೋಣೆಯಲ್ಲಿ ಕೀಟನಾಶಕ ಹೊಡೆಯುವಂತಿಲ್ಲ. ಸರ್ ಸುಲ್ತಾನ್ ಬಜಾರಿನಿಂದ ಡಾಂಬರು ಗುಳಿಗೆ ತರಿಸಿದರು. ನಾವೆಲ್ಲ ಟ್ರಂಕಿನಲ್ಲಿ ರೇಷ್ಮೆ ಸೀರೆಗಳ ನಡುವೆ ಇಡುತ್ತೇವಲ್ಲ, ಅವೇ ಬಿಳಿ ಗುಳಿಗೆ.

"ಇದು ಔಷಧ ಅಲ್ಲವ್ವಾ, ಮನಿ ಸಾಮಾನು. ಹುಟ್ಟಿದಾಗಿಂದ ನಮ್ಮವ್ವನ ಸೀರಿಯೊಳಗ ಇದರ ವಾಸನಿ ಕುಡದೀನಿ. ನನಗೇನಾಗೈತಿ?" ಎನ್ನುತ್ತ ತಾವೇ ಪಂಜರಗಳ ಕೆಳಗೆ ಮುಷ್ಟಿ ಮುಷ್ಟಿ ಸುರಿದರು.

ಪ್ರಯೋಗ ಮುಗಿದು ಶ್ವಾಸಕೋಶ ನೋಡಿದರೆ, ಔಷಧವನ್ನೇ ಮುಟ್ಟದ ಸಣ್ಣಿಲಿಗಳ ಸಣ್ಣ ಶ್ವಾಸನಾಳಗಳು ಒಳಗಿನಿಂದ ಸುಲಿದುಹೋಗಿದ್ದವು. ಹೋಲಿಕೆಗೆಂದು ಬರೀ ಕಾಳು ನೀರು ಕೊಟ್ಟು ಸಾಕಿದ ಗುಂಪೇ ಹೀಗಾದರೆ ಇಡೀ ಪ್ರಯೋಗ ಮಣ್ಣುಪಾಲು. ಗುಳಿಗೆಯ ಹಬೆ ಇರಬಹುದು ಎಂದು ಸರ್‌ಗೆ ಹೇಳಿದೆ.

"ದೊಡ್ಡಿಲಿ ಶ್ವಾಸಕೋಶ ಸ್ವಚ್ಛ ಅದಾವಲ್ಲ! ಒಂದ ಖೋಲಿ, ಒಂದ ಗಾಳಿ. ಇವಕ್ಕಷ್ಟ ಬ್ಯಾರೆ ಗಾಳಿ ಬೀಸಿತ್ತೇನು? ನೀನ ಪಂಜರ ಅದಲುಬದಲು ಮಾಡಿ ಔಷಧ ಕುಡಿಸೀದಿ."

ವಿಚಾರಣೆಗೆ ಕೂತ ಸಮಿತಿಯ ಮುಂದೆಯೂ ಅದನ್ನೇ ಹೇಳಿದರು. ಕೊನೆಗೆ, "ಇಂಥವರಿಗೆ ಪ್ರಾಣಿಕೋಣಿ ಹೊಸ್ತಿಲಾ ತುಳಿಯಾಕ ಬಿಡಬಾರದು," ಎಂದರು. ನನ್ನ ಪಿಎಚ್‌.ಡಿ. ಅಲ್ಲಿಗೆ ಮುಗಿಯಿತು. ಕಾಲೋನಿಯ ಅರಿಶಿನ ಕುಂಕುಮದಲ್ಲಿ ಹೆಂಗಸರು ನನ್ನನ್ನು ನೋಡಿ ಮಾತು ನಿಲ್ಲಿಸತೊಡಗಿದರು. ಅದನ್ನೂ ನುಂಗಿಕೊಂಡೆ. ನುಂಗಲಾಗದ್ದು ಅಪ್ಪನ ಮೌನ. 'ಖರೇನ ಅದಲುಬದಲಾಗಿತ್ತೇನವ್ವಾ?' ಎಂದು ಒಂದು ಸಲವೂ ಅವರು ನನ್ನನ್ನು ಕೇಳಲಿಲ್ಲ. ಕೇಳದೆಯೇ ನಂಬಿದರು. ಗೆಳೆಯನ ಜೊತೆ ಸಂಜೆಯ ವಾಕಿಂಗ್ ಒಂದು ದಿನವೂ ತಪ್ಪಲಿಲ್ಲ.

ನಾನು ಪುಣೆಗೆ ಹೋಗಿ ಮತ್ತೆ ಮೊದಲಿನಿಂದ ಶುರುಮಾಡಿದೆ. ಪ್ರಾಣಿಗಳ ಅಂಗಾಂಶ ಓದುವುದೇ ನನ್ನ ಕಸುಬಾಯಿತು. ಆಗ ತಿಳಿದದ್ದು ಇಷ್ಟು: ಸಣ್ಣಿಲಿಯ ಸಣ್ಣ ಶ್ವಾಸನಾಳಗಳಲ್ಲಿ ಒಂದು ಕಿಣ್ವ ಹೇರಳವಾಗಿದೆ. ಗುಳಿಗೆಯ ಹಬೆಯನ್ನು ಒಡೆದು ವಿಷ ಮಾಡುವುದು ಅದೇ. ದೊಡ್ಡಿಲಿಯ ಶ್ವಾಸಕೋಶದಲ್ಲಿ ಆ ಕೆಲಸ ತೀರ ಕಡಿಮೆ, ಹಾಗಾಗಿ ಅದು ಪಾರಾಗುತ್ತದೆ. ಆದರೆ ಅದರ ಮೂಗು ಪಾರಾಗುವುದಿಲ್ಲ. ಅದಕ್ಕೆ ಪೆಟ್ಟು ಬೀಳುವುದು ಮೂಗಿನೊಳಗೆ, ವಾಸನೆ ಹಿಡಿಯುವ ಪದರಕ್ಕೆ. ಅಂದು ಯಾರೂ ಮೂಗು ಕೊಯ್ದು ನೋಡಿರಲಿಲ್ಲ.

ಇದನ್ನು ಸರ್ ಕೂಡ ಓದಿಕೊಂಡರು. ಓದಿಕೊಂಡು ಊರೂರಿಗೆ ಹೋಗಿ ಇದೇ ಪಾಠ ಹೇಳಿ ಹೆಸರು ಮಾಡಿದರು. ನನಗೊಂದು ಫೋನು ಮಾತ್ರ ಬರಲಿಲ್ಲ. ಅಲ್ಲಿಯವರೆಗೆ ನನ್ನದು ಸಂಕಟ, ಸೇಡಾದದ್ದು ಆಗ.

ಹೋದ ವರ್ಷ ಆ ಪ್ರಯೋಗಾಲಯದ ಉಗ್ರಾಣ ನೋಡಿಕೊಳ್ಳುವ ಅಮಿತಾ ಫೋನ್ ಮಾಡಿದಳು. ಅವಧಿ ಮುಗಿದ ಹಳೆಯ ಮಾದರಿಗಳನ್ನು ಸುಡಲು ಕಳಿಸುತ್ತಿದ್ದಾರೆ, ಪಾಠಕ್ಕೆ ಬೇಕಾದರೆ ಒಯ್ಯಿ ಅಂದಳು. ನಾನಷ್ಟರಲ್ಲಿ ಹೈದರಾಬಾದಿಗೆ ಮರಳಿದ್ದೆ. ಹೋಗಿ ಸಹಿ ಹಾಕಿ ತಂದೆ. ಸಣ್ಣಿಲಿಗಳ ಶ್ವಾಸಕೋಶದ ತೆಳು ಚೂರು ಅಂಟಿಸಿದ ಹಳೆಯ ಗಾಜಿನ ಸ್ಲೈಡುಗಳು, ದೊಡ್ಡಿಲಿಗಳವೂ, ಜೊತೆಗೆ ಕೊಳೆಯದಂತೆ ಫಾರ್ಮಲಿನ್ ಡಬ್ಬಿಯಲ್ಲಿ ಅಂದು ಹಾಗೇ ಎತ್ತಿಟ್ಟ ದೊಡ್ಡಿಲಿಗಳ ತಲೆ. ಎಲುಬು ಮೆತ್ತಗಾಗಲೆಂದು ಆಮ್ಲದಲ್ಲಿ ನೆನೆಸಿ, ಕಾದು, ಮೂಗು ಕೊಯ್ದು ಸ್ಲೈಡು ಮಾಡಿ ನೋಡಿದೆ. ವಾಸನೆಯ ಪದರ ಹರಿದ ಚಿಂದಿಯಾಗಿತ್ತು. ಒಬ್ಬಳೇ ಕೂತು ಜೋರಾಗಿ ನಕ್ಕೆ.

ನಮ್ಮ ಕಸುಬಿನಲ್ಲೊಂದು ಪದ್ಧತಿಯಿದೆ. ಸ್ಲೈಡಿನ ತುದಿಯ ಚೀಟಿಯ ಮೇಲೆ ಬಿಳಿ ಪಟ್ಟಿ ಅಂಟಿಸಿ, ಯಾವ ಪ್ರಾಣಿ, ಏನು ಪ್ರಯೋಗ ಎಂಬುದನ್ನು ಮುಚ್ಚಿ ಹಿರಿಯರ ಮುಂದಿಡುತ್ತಾರೆ. ಅವರು ನೋಡಿ ಎಲ್ಲರೆದುರು ತೀರ್ಪು ಹೇಳಿದ ಮೇಲೆಯೇ ಪಟ್ಟಿ ಕೀಳುವುದು. ಸರ್‌ಗೆ ಈ ಆಟವೆಂದರೆ ಪ್ರಾಣ, ಅವರು ಸೋತಿದ್ದನ್ನು ಯಾರೂ ಕಂಡಿಲ್ಲ.

ಅವರ ಸನ್ಮಾನ ಮಾದಾಪುರದ ಸಭಾಂಗಣವೊಂದರಲ್ಲಿ ಏರ್ಪಾಡಾಯಿತು. ಸನ್ಮಾನಕ್ಕೆ ಮೊದಲು ಈ ಆಟವೂ ಇರಲಿ, ಸ್ಲೈಡು ನಾನು ತರುತ್ತೇನೆ ಎಂದು ಸಂಘಟಕರಿಗೆ ಹೇಳಿದವಳು ನಾನೇ. ಅಪ್ಪನನ್ನು ಮಣಿಕೊಂಡದ ಮನೆಯಿಂದ ಕಾರಿನಲ್ಲಿ ಕರೆತಂದು ಮುಂದಿನ ಸಾಲಿನಲ್ಲಿ ಕೂರಿಸಿದವಳೂ ನಾನೇ. ನನ್ನ ಸೇಡು ಒಬ್ಬರ ಮೇಲಷ್ಟೇ ಇರಲಿಲ್ಲ.

"ಮೂರೂ ಒಂದ ಕೋಣಿ ಪ್ರಾಣಿಗಳವರಿ, ಸರ್," ಎಂದು ಪಟ್ಟಿ ಅಂಟಿಸಿದ ಮೂರು ಸ್ಲೈಡುಗಳನ್ನು ಸೂಕ್ಷ್ಮದರ್ಶಕದ ಪಕ್ಕಕ್ಕಿಟ್ಟೆ. ನೋಟ ದೊಡ್ಡ ಪರದೆಯ ಮೇಲೆ ಎಲ್ಲರಿಗೂ ಕಾಣುತ್ತಿತ್ತು.

"ಓಹೋ, ನಮ್ಮ ಶರ್ವರಿ! ಹಳೇದೆಲ್ಲ ಮರತೀಯಲ್ಲ, ಛಲೋ ಆತು," ಎಂದು ನಕ್ಕು ಕಣ್ಣಿಟ್ಟರು. "ಇದು ಸಣ್ಣಿಲಿ, ಶ್ವಾಸನಾಳ ಸುಲದೈತಿ. ಇದು ದೊಡ್ಡಿಲಿ ಶ್ವಾಸಕೋಶ, ಏನೂ ಆಗಿಲ್ಲ. ಇದು ಅದರ ಮೂಗು... ಅಬಬಾ!" ಸಭೆಯತ್ತ ತಿರುಗಿದರು. "ಒಂದ ಕೋಣಿ ಅಂದ್ರ ಸಂಶಯನ ಬ್ಯಾಡ. ನಾನಾದ್ರ ಮೊದಲ ಡಾಂಬರು ಗುಳಿಗಿ ಹುಡುಕತೀನಿ."

"ಯಾರರ ಪಂಜರ ಅದಲುಬದಲು ಮಾಡಿದ್ರ ಹಿಂಗ ಆಗತೈತೇನ್ರಿ?"

"ಸಾಧ್ಯನ ಇಲ್ಲ! ದೊಡ್ಡಿಲಿ ಮೂಗೂ ಹೋಗೈತಲ್ಲ. ಗುಳಿಗಿ ಇಟ್ಟವನು ಶತಮೂರ್ಖ. ಇಂಥವರಿಗೆ ಪ್ರಾಣಿಕೋಣಿ ಹೊಸ್ತಿಲಾ ತುಳಿಯಾಕ ಬಿಡಬಾರದು."

ಚಪ್ಪಾಳೆ ಬಿತ್ತು. ಅಪ್ಪನೂ ತಟ್ಟಿದರು.

ನಾನು ಮೊದಲ ಸ್ಲೈಡಿನ ಪಟ್ಟಿ ಕಿತ್ತೆ. ನಮ್ಮ ಆ ಪ್ರಯೋಗದ ಹೆಸರು, 'ಔಷಧ ಕೊಡದ ಗುಂಪು', ಕೆಳಗೆ ಸರ್ ಸಹಿ. ಒಂದೊಂದನ್ನೂ ಗಟ್ಟಿಯಾಗಿ, ಅಪ್ಪನಿಗೆ ಕೇಳುವಂತೆ ಓದಿದೆ. ಉಳಿದ ಎರಡರದನ್ನೂ ಕಿತ್ತು ಓದಿದೆ. ಅದೇ ಪ್ರಯೋಗ, ಅದೇ ಕೋಣೆ.

ಸರ್ ಸೂಕ್ಷ್ಮದರ್ಶಕವನ್ನು ಹಿಡಿದೇ ನಿಂತಿದ್ದರು. "ಶರ್ವರಿ, ಇದನ್ನ ಮನಿಯೊಳಗ ಕುಂತು ಮಾತಾಡಬಹುದಿತ್ತು," ಎಂದರು ತಗ್ಗಿದ ದನಿಯಲ್ಲಿ.

"ನೀವು ಸಮಿತಿ ಮುಂದ ಮಾತಾಡಿದ್ರಿ, ಸರ್."

ಹೊಟ್ಟೆ ತಣ್ಣಗಾಯಿತು. ಹೌದು, ತಣ್ಣಗಾಯಿತು, ಅದಕ್ಕೆ ನನಗೇನೂ ನಾಚಿಕೆಯಿಲ್ಲ.

ಅಪ್ಪ ಎದ್ದು ಮೇಜಿನ ಬಳಿ ಬಂದರು. ಪರದೆ ನೋಡಿದರು, ಗೆಳೆಯನನ್ನು ನೋಡಿದರು. ನನ್ನ ಮುಖ ಮಾತ್ರ ನೋಡಲಿಲ್ಲ.

"ಪಟ್ಟಿ ಮತ್ತ ಅಂಟಸವ್ವಾ," ಎಂದರು. "ಸಾಕು. ಮುಚ್ಚಿಬಿಡು."

ಯಾರ ಮಾನ ಉಳಿಸಲು ಹಾಗಂದರೋ ನಾನು ಕೇಳಲಿಲ್ಲ. ಅವರೂ ಅಂದು ನನ್ನನ್ನು ಕೇಳಿರಲಿಲ್ಲ.

"ಅಂಟು ಹೋಗೈತಿ, ಅಪ್ಪಾ," ಎಂದು ಪಟ್ಟಿಯನ್ನು ಅವರ ಅಂಗೈಯಲ್ಲಿಟ್ಟೆ.