ಹೊನ್ನಕ್ಕನ ಕೊಸರು

ಆ್ಯಪ್ ಒಂದು ಯಾಕೆ ಗೆಲ್ಲುತ್ತದೆ ಎಂದು ಬಲ್ಲವರು ಬೇರೆ ಇದ್ದಾರೆ. ಅವರಿರುವಾಗ ಈ ಕತೆ ಹೇಳಹೊರಟ ಧೈರ್ಯಕ್ಕೆ ಕ್ಷಮೆ ಇರಲಿ.

ಅಮದಳ್ಳಿಯ ವಿಜೇತಾ ಕಾರವಾರದಲ್ಲಿ ಗುರುಪ್ರಸಾದರ ಕಚೇರಿ ಸೇರಿ ವರ್ಷವಾಗಿರಲಿಲ್ಲ. ಸಂಜೆ ತರಗತಿಯಲ್ಲಿ ಕಂಪ್ಯೂಟರ್ ಕಲಿತವಳು. ಬರೆದ ಸಾಲನ್ನು ಎಷ್ಟು ಸಲ ನೋಡಿದರೂ ಅವಳಿಗೆ ಸಮಾಧಾನವಿಲ್ಲ. ಅಂಕೋಲೆಯ ಹೆಂಗಸರು ತಮ್ಮ ಇಶಾಡ ಮಾವನ್ನು ಮೊಬೈಲಿನಲ್ಲೇ ಮಾರಲಿ ಎಂದು ಗುರುಪ್ರಸಾದರು ಮಾಡಿಸಿದ ಆ್ಯಪಿನಲ್ಲಿ ಲೆಕ್ಕ ತಾಳೆ ನೋಡುವ ಭಾಗ ಅವಳದೇ. ಡಜನ್ ಎಂದರೆ ಹನ್ನೆರಡು. ಕಚೇರಿಗೆ ಬಂದ ಬುಟ್ಟಿ ಎಣಿಸಿದಾಗ ಹೆಚ್ಚುಕಡಿಮೆ ಕಂಡರೆ ಅದು ತಪ್ಪು. ತಪ್ಪು ಮರುಕಳಿಸಿದರೆ ಮಾರುವವರ ಖಾತೆ ತಾನಾಗಿ ಬಂದ್.

ಹಣ್ಣಿನ ಕಾಲ ಶುರುವಾಗುತ್ತಲೇ ಬಂದ್ ಆದದ್ದು ಅಂಕೋಲೆಯ ಹೊನ್ನು ಗೌಡಳ ಖಾತೆ. ಆಕೆ ಬೆಳಗಿನ ಬಸ್ಸಿಗೇ ಕಾರವಾರಕ್ಕೆ ಬಂದಿಳಿದು, ಕಚೇರಿಯಲ್ಲಿ ವಿಜೇತಾಳ ಮೇಜಿನೆದುರು ನಿಂತಳು.

"ಯಂತಕೆ ಬಾಗ್ಲ ಹಾಕ್ದೆ ತಂಗಿ? ನನ್ ಹಣ್ಣ್ ಕೊಳ್ತಿತ್ತಾ?"

"ಇಲ್ಲ ಹೊನ್ನಕ್ಕ. ಡಜನ್ನಿಗೆ ಹದಿಮೂರು ಬರ್ತಿತ್ತು."

"ಕೊಸರ್ ಹಾಕ್ದೆ ಕೊಡೂದ್ ಹೆಂಗೆ? ತಕಂಡವ್ರು ಮತ್ತೆ ನನ್ ಬುಡಕ್ಕೆ ಬರೂದ್ ಬ್ಯಾಡ್ವಾ?"

ಮೇಲೊಂದು ಹಣ್ಣು ಹಾಕಿಸಿಕೊಳ್ಳದೆ ವಿಜೇತಾಳ ಅಮ್ಮ ಪೇಟೆಯಿಂದ ಎದ್ದುಬಂದದ್ದುಂಟೆ? ಹುಟ್ಟಿದಾಗಿನಿಂದ ಕಂಡದ್ದನ್ನೇ ತಪ್ಪೆಂದು ಯಂತ್ರಕ್ಕೆ ಕಲಿಸಿದ್ದಳು.

ಪಕ್ಕದ ಮೇಜಿನಲ್ಲಿದ್ದ ಗುರುಪ್ರಸಾದರು ತಲೆಯೆತ್ತಲಿಲ್ಲ. "ಹನ್ನೆರಡೇ ಹಾಕು ಅನ್ನು. ಆಗದಿದ್ರೆ ಬೇರೆಯವ್ರು ಇದ್ದಾರೆ. ದೊಡ್ಡ ಆ್ಯಪ್‌ಗಳೆಲ್ಲ ಶಿಸ್ತಿಂದಲೇ ಗೆದ್ದದ್ದು."

"ಗೆದ್ದಿರಬಹುದು ಸರ್. ನಮ್ಮಲ್ಲಿ ಮತ್ತೆ ಮತ್ತೆ ಆರ್ಡರ್ ಬರೂದು ಹೊನ್ನಕ್ಕನ ಹಣ್ಣಿಗೇ. ನೀವೇ ನೋಡಿ."

"ನಿಯಮ ಮುಟ್ಟಿದ್ರೆ ನಾಳೆಯಿಂದ ಬರೂದು ಬೇಡ."

"ಬರೆದವಳು ನಾನು ಸರ್, ತಪ್ಪಿದವಳೂ ನಾನೇ. ತಿದ್ದೇ ಹೋಗ್ತೆ."

ಅವರೆದುರೇ ಕೂತು ಬದಲಿಸಿದಳು: ಕಡಿಮೆ ಬಂದರೆ ತಪ್ಪು, ಹೆಚ್ಚು ಬಂದರೆ ಕೊಸರು. ಹೊನ್ನುವಿನ ಮೊಬೈಲು ಟಿಣ್ ಎಂದಿತು; ಖಾತೆ ಮತ್ತೆ ತೆರೆದಿತ್ತು.

"ಹುಶಾರಿ ಹುಡ್ಗಿ. ಬುದ್ಧಿ ಬರೂಕೆ ಸ್ವಲ್ಪ ತಡಾ ಆಯ್ತು, ಅಷ್ಟೇಯಾ," ಎಂದ ಹೊನ್ನು ಚೀಲದಿಂದ ಒಂದು ಹಣ್ಣು ತೆಗೆದು ಗುರುಪ್ರಸಾದರ ಮುಂದಿಟ್ಟಳು. "ಇದೂ ಕೊಸರೇ ಸಾಹೇಬ್ರೆ. ಲೆಕ್ಕಕ್ ಬರ್ಕಬ್ಯಾಡಿ."

ಅವರು ಹಣ್ಣನ್ನು ಮೂಸಿ ನೋಡಿ ಮೇಜಿನ ಖಾನೆಯೊಳಗೆ ಇಟ್ಟುಕೊಂಡರು.

ಮರುದಿನ ವಿಜೇತಾ ಎಂದಿನ ಹೊತ್ತಿಗೇ ಕಚೇರಿಗೆ ಹೋಗಿ ಕೂತಳು. ಯಾರೂ ಏಳು ಎನ್ನಲಿಲ್ಲ. ಆ ವಾರ ಆರ್ಡರುಗಳು ಏರಿದವು. ಕೊಸರಿನಿಂದಲೋ, ಇಶಾಡದ ಕಾಲವೇ ಹಾಗೋ, ಅವಳಿಗೆ ಗೊತ್ತಿಲ್ಲ. ಮಳೆ ಬಿದ್ದು ಹಣ್ಣು ಮುಗಿದ ಮೇಲೆ ಆ ಆ್ಯಪನ್ನು ಯಾರಾದರೂ ತೆರೆಯುತ್ತಾರೋ ಇಲ್ಲವೋ, ಅದೂ ಗೊತ್ತಿಲ್ಲ.